ಕುದಿಸಬೇಕೋ, ಮುಚ್ಚಿಡಬೇಕೋ, ಜಜ್ಜಬೇಕೋ? ಅಡುಗೆಮನೆ ಮದ್ದು ಮಾಡುವ ಸರಿಯಾದ ಕ್ರಮ

ಕೆಮ್ಮಿಗೆ ಶುಂಠಿ, ಹೊಟ್ಟೆಗೆ ಓಮ, ಹಲ್ಲಿಗೆ ಲವಂಗ. ಈ ಪಟ್ಟಿ ಹೆಚ್ಚು ಕಡಿಮೆ ಎಲ್ಲರಿಗೂ ಬಾಯಿಪಾಠ. ಆದರೆ ಶುಂಠಿಯನ್ನು ಎಷ್ಟು ಹೊತ್ತು ಕುದಿಸಬೇಕು, ಪುದೀನವನ್ನು ಯಾಕೆ ಕುದಿಸಬಾರದು, ಬೆಳ್ಳುಳ್ಳಿ ಜಜ್ಜಿದ ಮೇಲೆ ಯಾಕೆ ಕಾಯಬೇಕು ಎಂದು ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಮನೆಮದ್ದು ಎಷ್ಟೋ ಸಲ ಕೆಲಸ ಮಾಡದೇ ಹೋಗುವುದು ಇಲ್ಲೇ ಎಂದು ನನಗನಿಸುತ್ತದೆ. ವಸ್ತು ಸರಿಯಾಗಿಯೇ ಇರುತ್ತದೆ, ಮಾಡುವ ಬಗೆ ತಪ್ಪಿರುತ್ತದೆ.

ಮಾಡುವ ಬಗೆ ಎಷ್ಟು ಮುಖ್ಯ ಅನ್ನುವುದಕ್ಕೆ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಒಳ್ಳೆಯ ಉದಾಹರಣೆ. ಚೀನಾದ ವಿಜ್ಞಾನಿ ತು ಯೂಯೂ ಅವರ ತಂಡ 1970ರ ಆಸುಪಾಸಿನಲ್ಲಿ ಚಿಂಗ್‌ಹಾವ್ ಎಂಬ ಗಿಡದಿಂದ ಮದ್ದು ತೆಗೆಯಲು ಹೆಣಗುತ್ತಿತ್ತು. ಫಲಿತಾಂಶ ಒಂದು ಸಲ ಬಂದರೆ ಇನ್ನೊಂದು ಸಲ ಕೈಕೊಡುತ್ತಿತ್ತು. ಆಗ ಅವರು ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟದ್ದನ್ನು ಮತ್ತೆ ಓದಿದರು. ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದು ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ. ಬಿಸಿಗೆ ಮದ್ದು ಹಾಳಾಗುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಸತ್ವ ತೆಗೆದರು, ಮದ್ದು ಉಳಿಯಿತು. ಈ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು.

ನಾವು ಈಥರ್ ತರಬೇಕಿಲ್ಲ. ಪಾತ್ರೆಯ ಮೇಲೆ ತಟ್ಟೆ ಮುಚ್ಚಬೇಕೋ ಬೇಡವೋ ಎಂದು ತಿಳಿದರೆ ಸಾಕು.

ಒಲೆ ಹಚ್ಚುವ ಮುಂಚೆ

ಇಲ್ಲಿ ಹೇಳುವುದೆಲ್ಲ ಸಣ್ಣಪುಟ್ಟ ತೊಂದರೆಗಳಿಗೆ ಮಾತ್ರ. ನೆಗಡಿ, ಸಾಧಾರಣ ಕೆಮ್ಮು, ಗಂಟಲು ಕೆರೆತ, ಅಜೀರ್ಣ, ಹೊಟ್ಟೆ ಉಬ್ಬರ, ವಾಕರಿಕೆ, ಇಷ್ಟೇ. ಉಸಿರಾಟಕ್ಕೆ ಕಷ್ಟವಾದರೆ, ಕಫದಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ, ಮೂರು ದಿನವಾದರೂ ಜ್ವರ ಇಳಿಯದಿದ್ದರೆ, ಕೆಮ್ಮು ಮೂರು ವಾರ ದಾಟಿದರೆ ಕಷಾಯ ಬಿಟ್ಟು ವೈದ್ಯರ ಹತ್ತಿರ ಹೋಗಿ. ಎದೆ ಬಿಗಿಹಿಡಿದು ನೋವು ಕೈಗೋ ದವಡೆಗೋ ಹರಿಯುತ್ತಿದ್ದರೆ ಅದನ್ನು ಗ್ಯಾಸ್ ಎಂದು ಸುಮ್ನೆ ಬಿಡಬೇಡಿ. ಓಮದ ನೀರು ಕುಡಿದು ಕಾಯುವ ಹೊತ್ತಲ್ಲ ಅದು, ಆಸ್ಪತ್ರೆಗೆ ಓಡುವ ಹೊತ್ತು.

ಭೇದಿಯ ಬಗ್ಗೆಯೂ ಒಂದು ಮಾತು. ಅಲ್ಲಿ ಜೀವ ಉಳಿಸುವುದು ಮಸಾಲೆ ಅಲ್ಲ, ನೀರು ಮತ್ತು ಉಪ್ಪು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಕೈಯಳತೆಯಲ್ಲಿ ಹಾಕಬೇಡಿ. ಅದು ಜಾಸ್ತಿಯಾದರೆ ಮಕ್ಕಳಿಗೆ ಅಪಾಯ.

ಇನ್ನು ಮಾತ್ರೆ ತೆಗೆದುಕೊಳ್ಳುವವರು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ, ಮಧುಮೇಹದ ಮಾತ್ರೆ, ರಕ್ತದೊತ್ತಡದ ಮಾತ್ರೆ, ಅಪಸ್ಮಾರದ ಮಾತ್ರೆ ಇವುಗಳಲ್ಲಿ ಯಾವುದನ್ನಾದರೂ ದಿನಾ ನುಂಗುವವರು ಮನೆಮದ್ದನ್ನೂ ವೈದ್ಯರಿಗೆ ತಿಳಿಸಲೇಬೇಕು. ಒಗ್ಗರಣೆಗೆ ಬೀಳುವಷ್ಟು ಶುಂಠಿ, ಬೆಳ್ಳುಳ್ಳಿ, ಅರಿಶಿನದಿಂದ ಏನೂ ಆಗುವುದಿಲ್ಲ. ಮದ್ದಿನ ಪ್ರಮಾಣದಲ್ಲಿ ದಿನಾ ತೆಗೆದುಕೊಂಡಾಗ ಲೆಕ್ಕ ಬದಲಾಗುತ್ತದೆ. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ಇವನ್ನೆಲ್ಲ ನಿಲ್ಲಿಸುವುದು ಒಳ್ಳೆಯದು. ಬಸುರಿಯರೂ, ಹಾಲೂಡಿಸುವ ತಾಯಂದಿರೂ ಕೇಳಿಯೇ ಶುರು ಮಾಡಬೇಕು. ಒಂದು ವರ್ಷ ತುಂಬದ ಮಕ್ಕಳಿಗೆ ಇಲ್ಲಿರುವ ಮಸಾಲೆ, ಎಲೆ, ಬೇರು, ಜೇನು ಯಾವುದೂ ಬೇಡ.

ಎಲೆ ಮತ್ತು ಘಮದ ಬೀಜ: ಮುಚ್ಚಿಡಿ, ಕುದಿಸಬೇಡಿ

ಪುದೀನ, ತುಳಸಿ, ಸೋಂಪು, ಜೀರಿಗೆ, ಓಮ. ಇವುಗಳ ಗುಣ ಇರುವುದು ಬಹುಪಾಲು ಘಮದಲ್ಲಿ. ಪುದೀನದಲ್ಲಿ ಮೆಂಥಾಲ್, ಓಮದಲ್ಲಿ ಥೈಮಾಲ್, ಸೋಂಪಿನಲ್ಲಿ ಅನೆಥೋಲ್. ಎಲ್ಲವೂ ಆವಿಯ ಜೊತೆ ಹಾರಿಹೋಗುವ ಎಣ್ಣೆಯ ಅಂಶಗಳು. ತೆರೆದ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ, ನಿಜ. ಆದರೆ ಆಗ ಮದ್ದು ಲೋಟದಲ್ಲಿಲ್ಲ, ಗಾಳಿಯಲ್ಲಿದೆ!

ಮಾಡುವುದು ಹೀಗೆ:

1. ಬೀಜವಾದರೆ ಆಗಷ್ಟೇ ಒರಟಾಗಿ ಜಜ್ಜಿ. ಎಲೆಯಾದರೆ ಕೈಯಲ್ಲಿ ಹರಿದು ಹಾಕಿ.
2. ನೀರನ್ನು ಚೆನ್ನಾಗಿ ಕುದಿಸಿ ಒಲೆ ಆರಿಸಿ. ಆಮೇಲೆ ಜಜ್ಜಿದ್ದನ್ನು ಹಾಕಿ.
3. ಕೂಡಲೇ ತಟ್ಟೆ ಮುಚ್ಚಿ. ಎಲೆಗೆ 5ರಿಂದ 10 ನಿಮಿಷ, ಬೀಜಕ್ಕೆ 15 ನಿಮಿಷ.
4. ತಟ್ಟೆಯ ಅಡಿಗೆ ಕೂತ ಹನಿಗಳನ್ನು ಒರೆಸಿ ಎಸೆಯಬೇಡಿ, ಪಾತ್ರೆಗೇ ಕೊಡವಿ. ಘಮದ ಎಣ್ಣೆ ಅಲ್ಲಿಯೂ ಇರುತ್ತದೆ.
5. ಸೋಸಿ, ಬೆಚ್ಚಗಿರುವಾಗ ನಿಧಾನವಾಗಿ ಕುಡಿಯಿರಿ.

ಪ್ರಮಾಣದ ಅಂದಾಜಿಗೆ ಸೋಂಪನ್ನೇ ನೋಡಿ. ಐರೋಪ್ಯ ಔಷಧ ಸಂಸ್ಥೆಯ ಗಿಡಮೂಲಿಕೆ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಒಂದು ಸಲಕ್ಕೆ 1.5ರಿಂದ 2.5 ಗ್ರಾಂ ಸೋಂಪು, 250 ಮಿಲಿ ಕುದಿನೀರು, 15 ನಿಮಿಷ, ದಿನಕ್ಕೆ ಮೂರು ಸಲ ಎಂದಿದೆ. ಎರಡು ಗ್ರಾಂ ಅಂದರೆ ಸುಮಾರು ಒಂದು ಟೀ ಚಮಚ. ಹೊಟ್ಟೆ ಉಬ್ಬರಕ್ಕೂ ಮುಟ್ಟಿನ ಸಣ್ಣ ನೋವಿಗೂ ಇದನ್ನು ಬಳಸುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ದಿನ ಎಳೆಯಬಾರದು. ಜೀರಿಗೆಗೂ ಇದೇ ಅಳತೆ ಸಾಕು. ಓಮ ಘಾಟು ಜಾಸ್ತಿ, ಹಾಗಾಗಿ ಅರ್ಧ ಟೀ ಚಮಚದಿಂದ ಶುರು ಮಾಡಿ.

ಪುದೀನದಲ್ಲಿ ಒಂದು ಎಡವಟ್ಟಿದೆ. ಅದು ಹೊಟ್ಟೆಯ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಉಬ್ಬರ ಇಳಿಯುವುದು ಅದರಿಂದಲೇ. ಆದರೆ ಅನ್ನನಾಳ ಮತ್ತು ಹೊಟ್ಟೆಯ ನಡುವೆ ಬಾಗಿಲಿನಂತೆ ಕೆಲಸ ಮಾಡುವ ಸ್ನಾಯುವನ್ನೂ ಅದು ಸಡಿಲ ಮಾಡಿಬಿಡುತ್ತದೆ. ಹುಳಿ ಮೇಲೆ ಬರಲು ದಾರಿಯಾಗುತ್ತದೆ. ಎದೆಯುರಿ ಇರುವವರು ಪುದೀನ ಕುಡಿದು ಉರಿ ಹೆಚ್ಚಾಯಿತು ಅನ್ನುವುದಕ್ಕೆ ಕಾರಣ ಇದೇ. ಅಂಥವರಿಗೆ ಸೋಂಪು ವಾಸಿ.

ಬೇರು ಮತ್ತು ತೊಗಟೆ: ಇಲ್ಲಿ ಕುದಿ ಬೇಕು

ಗಟ್ಟಿ ವಸ್ತು ಬಿಸಿನೀರಿಗೆ ಬಿದ್ದ ಮಾತ್ರಕ್ಕೆ ಸತ್ವ ಬಿಡುವುದಿಲ್ಲ. ಒಣಶುಂಠಿ, ಚಕ್ಕೆ, ಅತಿಮಧುರದಂಥವನ್ನು ಕುಟ್ಟಿ, ತಣ್ಣೀರಿಗೆ ಹಾಕಿ, ಸಣ್ಣ ಉರಿಯಲ್ಲಿ 10ರಿಂದ 20 ನಿಮಿಷ ಕುದಿಸಬೇಕು. ಇಲ್ಲಿಯೂ ತಟ್ಟೆ ಅರ್ಧ ಮುಚ್ಚಿರಲಿ. ಆಯುರ್ವೇದದಲ್ಲಿ ನೀರನ್ನು ಕಾಲು ಭಾಗಕ್ಕೆ ಇಳಿಸುವ ಪದ್ಧತಿ ಇದೆ. ಗಟ್ಟಿ ತೊಗಟೆ, ಮರದಂಥ ಬೇರುಗಳಿಗೆ ಅದು ಸರಿ. ಹಸಿಶುಂಠಿಗೆ ಅಷ್ಟೆಲ್ಲ ಬೇಡ.

ಶುಂಠಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈ ಪಟ್ಟಿಯಲ್ಲಿ ಪುರಾವೆ ಗಟ್ಟಿಯಾಗಿರುವ ಕೆಲವೇ ವಸ್ತುಗಳಲ್ಲಿ ಅದೂ ಒಂದು. ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್. ಒಣಗಿಸಿದಾಗ, ಬಿಸಿ ಮಾಡಿದಾಗ ಅದರಲ್ಲಿ ಒಂದಿಷ್ಟು ಶೋಗಾಲ್ ಎಂಬ ಇನ್ನೂ ಖಾರವಾದ ಅಂಶವಾಗಿ ಬದಲಾಗುತ್ತದೆ. ಒಣಶುಂಠಿ ಗಂಟಲಿಗೆ ಚುರುಕ್ ಅನ್ನಿಸುವುದು ಅದಕ್ಕೇ. ಹಾಗಾಗಿ ಹಸಿಶುಂಠಿಯ ಬದಲು ಅಷ್ಟೇ ತೂಕದ ಒಣಶುಂಠಿ ಹಾಕಿದರೆ ಅದು ಒಂದೇ ಮದ್ದಲ್ಲ. ಕಡಿಮೆ ಹಾಕಬೇಕು.

ಶುಂಠಿ ಹೆಚ್ಚು ಉಪಯೋಗಕ್ಕೆ ಬರುವುದು ವಾಕರಿಕೆಗೆ. ಬಸುರಿನ ವಾಕರಿಕೆಯ ಮೇಲೆ ನಡೆದ ಹಲವು ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ ಒಟ್ಟು 1 ಗ್ರಾಂ ಸುತ್ತಮುತ್ತ ಒಣಶುಂಠಿ ಪುಡಿ. ಅಂದರೆ ಸುಮಾರು ಅರ್ಧ ಟೀ ಚಮಚ, ಅದೂ ಮೂರು ನಾಲ್ಕು ಪಾಲು ಮಾಡಿ. ಚಮಚಗಟ್ಟಲೆ ಕದಡಿ ಕುಡಿದರೆ ಎದೆಯುರಿ ಬರುತ್ತದೆ, ವಾಕರಿಕೆ ಹೋಗುವುದಿಲ್ಲ.

ನೆಗಡಿ, ಗಂಟಲು ಕೆರೆತಕ್ಕಾದರೆ ಹೆಬ್ಬೆರಳಿನ ತುದಿಗೆಣ್ಣಿನಷ್ಟು ಹಸಿಶುಂಠಿ ಜಜ್ಜಿ, ಎರಡು ಲೋಟ ನೀರಲ್ಲಿ 10 ನಿಮಿಷ ಸಣ್ಣಗೆ ಕುದಿಸಿ. ನಾಲ್ಕೈದು ಕಾಳುಮೆಣಸು ಕುಟ್ಟಿ ಹಾಕಬಹುದು. ತುಳಸಿ ಹಾಕುವುದಿದ್ದರೆ ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿ. ಎಲ್ಲವನ್ನೂ ಒಟ್ಟಿಗೆ ಸುರಿದು ಕುದಿಸುವುದಕ್ಕಿಂತ ಹೀಗೆ ಎರಡು ಹಂತದಲ್ಲಿ ಮಾಡಿದರೆ ಬೇರಿನದೂ ಸಿಗುತ್ತದೆ, ಎಲೆಯದೂ ಉಳಿಯುತ್ತದೆ. ಲೋಟ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ಜೇನು ಸೇರಿಸಿ. ಕೆಮ್ಮಿಗೆ ಜೇನೇ ಒಂದು ಮದ್ದು. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುಂಚೆ ಅರ್ಧದಿಂದ ಎರಡು ಟೀ ಚಮಚ ಕೊಟ್ಟರೆ ರಾತ್ರಿ ಕೆಮ್ಮು ಕಡಿಮೆಯಾಗುವುದು ಪ್ರಯೋಗಗಳಲ್ಲೂ ಕಂಡಿದೆ. ಒಂದು ವರ್ಷದ ಒಳಗಿನ ಮಗುವಿಗೆ ನೆಕ್ಕಿಸಲೂಬಾರದು. ಜೇನಿನಲ್ಲಿ ಇರಬಹುದಾದ ಬಾಟ್ಯುಲಿಸಂ (ಸ್ನಾಯುಗಳ ಬಲ ಕುಂದಿಸುವ ಅಪಾಯದ ವಿಷರೋಗ) ಬೀಜಾಣುಗಳನ್ನು ತಡೆಯುವ ಶಕ್ತಿ ಅಷ್ಟು ಸಣ್ಣ ಕರುಳಿಗೆ ಇರುವುದಿಲ್ಲ.

ಚಕ್ಕೆ ಕೊಳ್ಳುವಾಗ ಕಣ್ಣಿಟ್ಟು ನೋಡಿ. ಎರಡು ಬಗೆ ಸಿಗುತ್ತದೆ. ದಪ್ಪ, ಗಟ್ಟಿ, ಒಂದೇ ಪದರ ಸುರುಳಿಯಾಗಿದ್ದರೆ ಅದು ಕ್ಯಾಸಿಯಾ. ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡು, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿದ್ದರೆ ಅದು ಸಿಲೋನ್ ಬಗೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ, ಸಿಲೋನ್ ಬಗೆಯಲ್ಲಿ ಅತ್ಯಲ್ಪ. ಕೂಮರಿನ್ ಕೆಲವರ ಯಕೃತ್ತಿಗೆ ತೊಂದರೆ ಕೊಡುತ್ತದೆ. 60 ಕಿಲೋ ತೂಕದವರು ಕ್ಯಾಸಿಯಾವನ್ನು ದಿನಾ 2 ಗ್ರಾಂಗಿಂತ ಜಾಸ್ತಿ ತಿನ್ನಬಾರದು ಎಂದು ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದೆ. ಸಕ್ಕರೆ ಕಾಯಿಲೆಗೆಂದು ಬೆಳಿಗ್ಗೆ ಬೆಳಿಗ್ಗೆ ಚಮಚ ತುಂಬ ಚಕ್ಕೆ ಪುಡಿ ನುಂಗುವವರು ಈ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಪುಡಿಯಾದ ಮೇಲೆ ಎರಡನ್ನೂ ಗುರುತಿಸುವುದು ಕಷ್ಟ, ಆದ್ದರಿಂದ ಚಕ್ಕೆಯನ್ನೇ ತಂದು ಪುಡಿ ಮಾಡಿಕೊಳ್ಳಿ.

ಅತಿಮಧುರ ಗಂಟಲಿಗೆ ಹಿತ. ಆದರೆ ಅದರ ಸಿಹಿಗೆ ಕಾರಣವಾದ ಗ್ಲೈಸಿರೈಜಿನ್ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಬಿಪಿ ಇರುವವರಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಬೇಡವೇ ಬೇಡ. ಉಳಿದವರೂ ಮೂರು ನಾಲ್ಕು ದಿನಕ್ಕೆ ನಿಲ್ಲಿಸಿ.

ಅರಿಶಿನ: ನೀರಿಗೆ ಬಗ್ಗುವುದಿಲ್ಲ

ಅರಿಶಿನವನ್ನು ಬಿಸಿನೀರಿಗೆ ಕದಡಿ ಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ತಳಕ್ಕೆ ಕೂರುತ್ತದೆ. ಅದರ ಮುಖ್ಯ ಅಂಶ ಕರ್ಕ್ಯುಮಿನ್ ನೀರಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕೆನೆ ಇರುವ ಹಾಲಿನಲ್ಲೋ, ಸ್ವಲ್ಪ ಎಣ್ಣೆಯಲ್ಲೋ ಬಿಸಿ ಮಾಡುವ ಹಳೆಯ ಕ್ರಮಕ್ಕೆ ಅರ್ಥ ಇರುವುದು ಇಲ್ಲಿ.

ಕರಗಿದರೂ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಕಡಿಮೆ. ಸೇರಿದ್ದನ್ನೂ ಯಕೃತ್ತು ಬೇಗ ಹೊರಗೆ ಹಾಕುತ್ತದೆ. ಕಾಳುಮೆಣಸಿನ ಪೈಪರಿನ್ ಈ ಕೆಲಸವನ್ನು ನಿಧಾನ ಮಾಡುತ್ತದೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಸಿಕ್ಕ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಾಯಿತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗಿರುವ ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಒಂದು ಟೀ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ ಇರುವುದು ಹೆಚ್ಚೂಕಡಿಮೆ 3 ಶೇಕಡ, ಅಂದರೆ 100 ಮಿಲಿಗ್ರಾಂ ಹತ್ತಿರ. ಪ್ರಯೋಗದ 2 ಗ್ರಾಂಗೂ ಇದಕ್ಕೂ ಅಜಗಜಾಂತರ. ಲೋಟ ಹಾಲು ಕುಡಿದು ಕೀಲುನೋವು ಮಾಯವಾಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಗಂಟಲಿಗೆ ಹಿತ, ಮಲಗುವ ಮುಂಚೆ ಒಂದು ಬೆಚ್ಚನೆಯ ಕುಡಿಯುವ ವಸ್ತು, ಅಷ್ಟಕ್ಕೆ ಅದು ಚೆನ್ನಾಗಿದೆ.

ಹಾಗಂತ ಸಾಂದ್ರ ಮಾತ್ರೆಗಳಿಗೆ ಹಾರಬೇಡಿ. ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಪಿತ್ತಕೋಶದಲ್ಲಿ ಕಲ್ಲಿರುವವರು ಮಾತ್ರೆಯಿಂದ ದೂರವಿರಬೇಕು. ಪೈಪರಿನ್ ಕೂಡ ಅರಿಶಿನವನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ, ಅಪಸ್ಮಾರದ ಫೆನಿಟಾಯಿನ್‌ನಂಥ ಔಷಧಿಯ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು.

ಕ್ರಮ ಸರಳ. ಒಂದು ಲೋಟ ಹಾಲಿಗೆ ಕಾಲು ಟೀ ಚಮಚ ಅರಿಶಿನ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಸಣ್ಣ ಉರಿಯಲ್ಲಿ ಐದು ನಿಮಿಷ ಕಲಕುತ್ತಾ ಬಿಸಿ ಮಾಡಿ. ತಳದ ಗಸಿಯನ್ನೂ ಕದಡಿ ಕುಡಿಯಿರಿ, ಇರುವುದೆಲ್ಲ ಅಲ್ಲೇ. ಕಣ್ಣು ಕುಕ್ಕುವ ಹಳದಿ ಬಣ್ಣದ ಅರಿಶಿನ ಕಂಡರೆ ಅನುಮಾನ ಇರಲಿ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ಚಾಳಿ ಇದೆ, ಸೀಸ ಮಕ್ಕಳ ಮಿದುಳಿಗೆ ವಿಷ.

ಬೆಳ್ಳುಳ್ಳಿ: ಜಜ್ಜಿ, ಹತ್ತು ನಿಮಿಷ ಸುಮ್ಮನಿರಿ

ಬೆಳ್ಳುಳ್ಳಿಯ ಘಾಟಿಗೂ ಗುಣಕ್ಕೂ ಮುಖ್ಯ ಕಾರಣ ಅಲಿಸಿನ್ ಎಂಬ ಅಂಶ. ಇಡೀ ಎಸಳಿನಲ್ಲಿ ಅದು ಇರುವುದೇ ಇಲ್ಲ. ಎಸಳು ಜಜ್ಜಿದಾಗ ಬೇರೆ ಬೇರೆ ಕೋಶಗಳಲ್ಲಿದ್ದ ಅಲಿನ್ ಎಂಬ ಇನ್ನೊಂದು ಅಂಶ ಮತ್ತು ಅದನ್ನು ಬದಲಾಯಿಸುವ ಕಿಣ್ವ ಒಂದಕ್ಕೊಂದು ತಾಗಿ ಅಲಿಸಿನ್ ಹುಟ್ಟುತ್ತದೆ. ಜಜ್ಜಿದ ಕೂಡಲೇ ಬಿಸಿ ಎಣ್ಣೆಗೆ ಹಾಕಿದರೆ ಕಿಣ್ವ ಕೆಟ್ಟು ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಬಿಸಿ ಮಾಡಿ. ಇಡೀ ಎಸಳನ್ನು ಮಾತ್ರೆಯಂತೆ ನುಂಗುವುದರಿಂದ ಪ್ರಯೋಜನ ಕಡಿಮೆ.

ಮೆಂತ್ಯ, ಇಸಬ್‌ಗೋಲ್: ನೀರೇ ಅರ್ಧ ಮದ್ದು

ಮೆಂತ್ಯದ ಗುಣ ಘಮದಲ್ಲಿಲ್ಲ, ಲೋಳೆಯಲ್ಲಿದೆ. ಆ ಲೋಳೆ ಕರಗುವ ನಾರು. ಹೊಟ್ಟೆಯಲ್ಲಿ ಊಟ ಮುಂದೆ ಸಾಗುವುದನ್ನು ಅದು ನಿಧಾನ ಮಾಡುತ್ತದೆ, ಊಟದ ನಂತರ ಸಕ್ಕರೆ ದಿಢೀರನೆ ಏರುವುದೂ ತಗ್ಗುತ್ತದೆ. ಒಂದರಿಂದ ಎರಡು ಟೀ ಚಮಚ ಮೆಂತ್ಯವನ್ನು ರಾತ್ರಿ ಒಂದು ಲೋಟ ನೀರಲ್ಲಿ ನೆನೆಸಿ. ಬೆಳಿಗ್ಗೆ ನೀರು ಮಾತ್ರ ಕುಡಿದು ಕಾಳು ಎಸೆಯುವವರು ಮದ್ದನ್ನೇ ಎಸೆಯುತ್ತಾರೆ. ಕಾಳನ್ನು ಅಗಿದು ತಿನ್ನಿ, ಇಲ್ಲವೇ ಅರೆದುಕೊಳ್ಳಿ. ಮಧುಮೇಹದ ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿಯಬಹುದು, ಹಾಗಾಗಿ ಸಕ್ಕರೆ ಮಟ್ಟ ನೋಡಿಕೊಳ್ಳುತ್ತಾ ಇರಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇಡಿ. ಕಡಲೆಕಾಯಿ ಅಲರ್ಜಿ ಇರುವವರಲ್ಲಿ ಕೆಲವರಿಗೆ ಮೆಂತ್ಯವೂ ಆಗುವುದಿಲ್ಲ. ಬಸುರಿಯರು ಮದ್ದಿನ ಪ್ರಮಾಣದಲ್ಲಿ ತಿನ್ನಬಾರದು. ಬೆವರಿಗೂ ಮೂತ್ರಕ್ಕೂ ಸುಟ್ಟ ಸಕ್ಕರೆಯಂಥ ವಾಸನೆ ಬಂದರೆ ಗಾಬರಿ ಬೇಡ, ಅದು ಮೆಂತ್ಯದ್ದೇ.

ಮಲಬದ್ಧತೆಗೆ ಇಸಬ್‌ಗೋಲ್ ಒಳ್ಳೆಯದು. ಆದರೆ ಒಂದು ಚಮಚಕ್ಕೆ ಕನಿಷ್ಠ 240 ಮಿಲಿ ನೀರು ಬೇಕೇ ಬೇಕು. ಕಡಿಮೆ ನೀರಲ್ಲಿ ತಿಂದರೆ ಅದು ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಹುದು. ನುಂಗಲು ತೊಂದರೆ ಇರುವವರಿಗೆ ಕೊಡಬೇಡಿ.

ಹೊರಗಿನಿಂದ ಮಾಡುವುದು

ಹಲ್ಲುನೋವಿಗೆ ಲವಂಗ ಬರೀ ನಂಬಿಕೆಯಲ್ಲ. ಅದರ ಎಣ್ಣೆಯ ಬಹುಪಾಲು ಯೂಜಿನಾಲ್, ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬಲು ಅದನ್ನು ಸತುವಿನ ಆಕ್ಸೈಡ್ ಜೊತೆ ಇಂದಿಗೂ ಬಳಸುತ್ತಾರೆ. ಒಂದು ಇಡೀ ಲವಂಗವನ್ನು ನೋವಿರುವ ಹಲ್ಲಿನ ಪಕ್ಕ ಇಟ್ಟು, ಮೆತ್ತಗಾದ ಮೇಲೆ ಮೆಲ್ಲಗೆ ಒತ್ತಿ. ಎಣ್ಣೆಯಾದರೆ ಒಂದು ಟೀ ಚಮಚ ಅಡುಗೆ ಎಣ್ಣೆಗೆ ಎರಡು ಹನಿ ಬೆರೆಸಿ ಹತ್ತಿಯಲ್ಲಿ ಮುಟ್ಟಿಸಿ. ಬರೀ ಲವಂಗದ ಎಣ್ಣೆ ವಸಡನ್ನು ಸುಡುತ್ತದೆ. ಈ ಶೀಶೆ ಮಕ್ಕಳ ಕೈಗೆ ಸಿಗಬಾರದು. ಒಂದೆರಡು ಚಮಚ ಕುಡಿದ ಮಕ್ಕಳ ಯಕೃತ್ತು ಹದಗೆಟ್ಟ ಪ್ರಕರಣಗಳಿವೆ. ಲವಂಗ ನೋವನ್ನು ಮರೆಸುತ್ತದೆಯೇ ಹೊರತು ಹುಳುಕನ್ನು ಮುಚ್ಚುವುದಿಲ್ಲ. ಮುಖ ಊದಿದರೆ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಗಂಟಲಿಗೆ ಉಪ್ಪುನೀರು ಮುಕ್ಕಳಿಸುವುದನ್ನು ಮೀರಿದ್ದು ಇಲ್ಲ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ.

ಮೂಗು ಕಟ್ಟಿದಾಗ ಹಬೆ ಹಿಡಿಯುವುದು ಹಳೆಯ ಅಭ್ಯಾಸ. ಪುದೀನದ ಮೆಂಥಾಲ್ ಹಾಕಿದರೆ ಮೂಗು ತೆರೆದುಕೊಂಡ ಹಾಗೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ತಂಪನ್ನು ಗುರುತಿಸುವ ನರಗಳನ್ನು ಕೆಣಕುತ್ತದೆ ಅಷ್ಟೇ, ಒಳಗಿನ ಊತ ಇಳಿಯುವುದಿಲ್ಲ. ಹಿತ ಅನ್ನಿಸಿದರೆ ಮಾಡಿ. ಮಕ್ಕಳಿಗೆ ಮಾತ್ರ ಕುದಿನೀರಿನ ಪಾತ್ರೆ ಮುಂದೆ ಇಡಲೇಬೇಡಿ, ಪಾತ್ರೆ ಮಗುಚಿ ಸುಟ್ಟುಕೊಳ್ಳುವುದು ನೆಗಡಿಗಿಂತ ದೊಡ್ಡ ಕಷ್ಟ. ಕರ್ಪೂರವನ್ನೂ ಅವರ ಹತ್ತಿರ ತರಬೇಡಿ. ನುಂಗಿದರೆ ಫಿಟ್ಸ್ ಬರುತ್ತದೆ.

ಸುಟ್ಟ ಗಾಯಕ್ಕೆ ಅರಿಶಿನ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಚರ್ಮ ಕೀಳದ ಸಣ್ಣ ಸುಟ್ಟ ಗಾಯವಾದರೆ ಆಮೇಲೆ ಲೋಳೆಸರದ ಬಿಳಿ ತಿರುಳು ಹಚ್ಚಬಹುದು. ಸಿಪ್ಪೆಯ ಕೆಳಗಿನ ಹಳದಿ ರಸ ಸೋರಿಹೋಗಲು ಬಿಡಿ. ಅದು ಹೊಟ್ಟೆಗೆ ಹೋದರೆ ಜೋರು ಭೇದಿ. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟುವುದೂ ತಪ್ಪು, ಗುಳ್ಳೆ ಏಳುತ್ತದೆ.

ಜಾಯಿಕಾಯಿಯನ್ನು ನಾನು ಮದ್ದಿನ ಪಟ್ಟಿಯಿಂದಲೇ ತೆಗೆದುಹಾಕುತ್ತೇನೆ. ಚಿಟಿಕೆಯಷ್ಟು ರುಚಿಗೆ ಸರಿ. ನಿದ್ದೆ ಬರಲಿ ಎಂದು ಜಾಸ್ತಿ ಹಾಕಿದರೆ, ಸುಮಾರು 5 ಗ್ರಾಂ, ಅಂದರೆ ಹೆಚ್ಚೂಕಡಿಮೆ ಒಂದು ಇಡೀ ಕಾಯಿ, ದೊಡ್ಡವರಿಗೂ ಎದೆ ಬಡಿತ, ಭ್ರಮೆ, ವಾಂತಿ ತರಬಲ್ಲದು. ಶಿಶುಗಳಿಗೆ ತೇಯ್ದು ಕೊಡುವುದಂತೂ ಬೇಡ.

ಮಾಡಿಟ್ಟದ್ದನ್ನು ಎಷ್ಟು ದಿನ ಇಡಬಹುದು?

ಕಷಾಯ ಆಯಾ ದಿನಕ್ಕೆ ಆಯಾ ದಿನ. ಉಳಿದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಿ. ಕಾಳು, ತೊಗಟೆ, ಬೇರುಗಳನ್ನು ಇಡಿಯಾಗಿ ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಟ್ಟರೆ ವರ್ಷಗಟ್ಟಲೆ ಬರುತ್ತವೆ. ಪುಡಿ ಕೆಲವೇ ತಿಂಗಳಲ್ಲಿ ಸಪ್ಪೆಯಾಗುತ್ತದೆ. ಬೆರಳಲ್ಲಿ ತಿಕ್ಕಿ ಮೂಸಿ ನೋಡಿ, ಘಮ ಇಲ್ಲದಿದ್ದರೆ ಮದ್ದಿಗೆ ಬಳಸಬೇಡಿ. ಒಲೆಯ ಪಕ್ಕದ ಕಪಾಟು ಇವಕ್ಕೆ ಕೆಟ್ಟ ಜಾಗ. ಬಿಸಿ, ಹಬೆ ಎರಡೂ ತಾಗುತ್ತವೆ.

ಬೆಳ್ಳುಳ್ಳಿ ಎಣ್ಣೆಯ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿ ತಾಗದ ಆ ಜಾಗದಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಸನೆಯಿಂದಲೂ ರುಚಿಯಿಂದಲೂ ಗೊತ್ತಾಗುವುದಿಲ್ಲ. ಬೇಕಾದಷ್ಟೇ ಮಾಡಿ, ಫ್ರಿಜ್‌ನಲ್ಲಿಡಿ, ನಾಲ್ಕು ದಿನಕ್ಕೆ ಉಳಿದದ್ದನ್ನು ಚೆಲ್ಲಿಬಿಡಿ.